ಹಾಡಿದ್ದು ಯಾರು

ಹಿರೇಕೆರೂರು
18 ಜನವರಿ 2024

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಸಂಕ್ರಮಣಕ್ಕೆ ಕಳಿಸಿದ ಎಳ್ಳಹೋಳಿಗೆ ಮುಟ್ಟಿತೇ? ನಿನ್ನ ಮಗ ಶರಣುವಿನ ಫೋನಿಗೆ ಮೆಸೇಜು ಹಾಕಿದ್ದೆ. ಅವನು ನಿನಗೆ ತೋರಿಸಿದನೋ ಇಲ್ಲವೋ. ಫೋನು ನಿನ್ನ ಕಿವಿಗೆ ಬೇಡ, ಅದರ ಸಣ್ಣ ಅಕ್ಷರ ನಿನ್ನ ಕಣ್ಣಿಗೆ ಬೇಡ. ಹಿರೇಕೆರೂರಿನಲ್ಲಿ ನಾನು, ಹಾನಗಲ್ಲಿನಲ್ಲಿ ನೀನು, ನಡುವೆ ಪೋಸ್ಟಿನವನು. ಅವನೇ ಅಂದ ಮೊನ್ನೆ, "ಬಾಯಾರ, ಕೈಲೆ ಬರೆದ ಪತ್ರ ಈ ಓಣ್ಯಾಗ ನಿಮ್ಮ ಮನಿಗೊಂದ ಬರತಾವ ನೋಡ್ರಿ" ಎಂದು.

ಒಂದು ಸಂತೋಷದ ಸುದ್ದಿ ಇದೆ. ತನುಜಾ ಎಂಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಗೊಟಗೋಡಿಯಲ್ಲಿ ಜಾನಪದ ಓದುತ್ತಾಳೆ. ಶಿಗ್ಗಾಂವಿ, ಸವಣೂರು ಕಡೆಯ ದೊಡ್ಡಾಟದ ಮಾಸ್ತರುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾಳಂತೆ. ಯಾವ ಊರಿಗೆ ಹೋದರೂ ಹಿರಿಯರು "ಹುಲಗೂರ ಶಿದ್ಲಿಂಗಪ್ಪ ಮಾಸ್ತರ ಕಲಿಸಿದ ಆಟ" ಅನ್ನುತ್ತಾರಂತೆ. ಅಪ್ಪ ಸತ್ತು ಇಪ್ಪತ್ತೆಂಟು ವರ್ಷವಾದರೂ ಅವನ ಹೆಸರು ಜನರ ಬಾಯಲ್ಲಿದೆ. ಕೇಳುತ್ತ ಕೇಳುತ್ತ ನನಗೆ ಅಳು ಬಂತು.

ಅವಳಿಗೆ ಎಲ್ಲ ಹೇಳಿದೆ. ಅಪ್ಪ ನಮ್ಮ ಮೇಲೆ ಎಂದೂ ಕೈ ಎತ್ತಲಿಲ್ಲ ಎಂದು. ಬೆಳಗಿನ ಜಾವ ಇಬ್ಬರನ್ನೂ ಎರಡು ತೊಡೆಯ ಮೇಲೆ ಕೂರಿಸಿಕೊಂಡು ಪದ ಹೇಳುತ್ತಿದ್ದ ಎಂದು. ನಿನಗೆ ಹನ್ನೊಂದು ವರ್ಷವಿದ್ದಾಗ ಜ್ವರ ಬಂದು ಕಿವಿ ಹೋದದ್ದು, ಅಪ್ಪ ಆಟದ ತಾಲೀಮು ಬಿಟ್ಟು ನಿನ್ನನ್ನು ಹೆಗಲ ಮೇಲೆ ಹೊತ್ತು ಸವಣೂರಿನ ಡಾಕ್ಟರ ತನಕ ನಡೆದದ್ದು, ಅದನ್ನೂ ಹೇಳಿದೆ. ಆ ಹುಡುಗಿ ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತ ಕೂತಳು.

ನೀನೂ ಒಂದೆರಡು ಹಾಳೆ ಬರೆದುಕೊಡು. ನಿನಗೆ ನನಗಿಂತ ಐದು ವರ್ಷ ಹೆಚ್ಚು ನೆನಪಿರಬೇಕಲ್ಲ.

ನಿನ್ನ ತಂಗಿ,
ನಾಗರತ್ನಾ

*

ಹಾನಗಲ್ಲ
6 ಫೆಬ್ರುವರಿ 2024

ಚಿ. ಸೌ. ರತ್ನಾಳಿಗೆ ಆಶೀರ್ವಾದ.

ಹೋಳಿಗೆ ಮುಟ್ಟಿದವು. ಎರಡು ಮುರಿದಿದ್ದವು, ಅವನ್ನು ನಾನು ತಿಂದೆ. ಉಳಿದದ್ದು ಅಂಕಿತಾ ತಿಂದಳು, ಸೊಸೆಗೆ ಸಿಹಿ ಅಂದರೆ ಜೀವ.

ಗಿರಣಿಯಲ್ಲಿ ಈಗ ಕೆಲಸ ಬಹಳ. ಹೊಸ ಜೋಳ ಬಂದಿದೆ. ಶರಣು ಬೆಲ್ಟು ಬದಲಿಸಿದ. ನನಗೆ ಗಿರಣಿಯ ಸಪ್ಪಳ ಇಲ್ಲ, ಅಂಗಾಲಿಗೆ ನಡುಕ ಮಾತ್ರ. ಕಾಳು ಮುಗಿದದ್ದು ಎಲ್ಲರಿಗಿಂತ ಮೊದಲು ನನಗೇ ತಿಳಿಯುತ್ತದೆ.

ಅಪ್ಪನ ಬಗ್ಗೆ ನಾನು ಬರೆಯುವುದು ಏನೂ ಇಲ್ಲ. ನೀನು ಹೇಳಿದ್ದೀಯಲ್ಲ, ಸಾಕು. ಆದರೆ ಜ್ವರದ ಮಾತು ತೆಗೆದುಬಿಡಲು ಆ ಹುಡುಗಿಗೆ ಹೇಳು.

ನಿನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರು.

ನಿನ್ನ ಅಕ್ಕ,
ಫಕ್ಕೀರವ್ವ

*

ಹಿರೇಕೆರೂರು
15 ಫೆಬ್ರುವರಿ 2024

ಅಕ್ಕಾ,

ಜ್ವರದ ಮಾತು ಯಾಕೆ ತೆಗೆಯಬೇಕು? ಅದು ಇಲ್ಲದಿದ್ದರೆ ಅಪ್ಪ ಬರೀ ತಾಳ ಹಾಕುವ ಮಾಸ್ತರ. ಅದು ಇದ್ದರೆ ಅವನು ಅಪ್ಪ. ತನುಜಾ ಕೂಡ ಹಾಗೇ ಅಂದಳು, "ಆಂಟಿ, ಇಡೀ ಪುಸ್ತಕದಾಗ ಇದೊಂದ ಪುಟ ಓದಿ ಮಂದಿ ಅಳತಾರ."

ನಿನಗೆ ನಾಚಿಕೆಯೇ? ಕಿವಿ ಹೋದದ್ದು ಊರಿಗೆಲ್ಲ ಗೊತ್ತು. ಜ್ವರ ಬಂದಿತ್ತು ಎಂದು ಅವ್ವ ನನಗೆ ನೂರು ಸಲ ಹೇಳಿದ್ದಾಳೆ. ಸಾಯುವ ಹಿಂದಿನ ವರ್ಷವೂ ಹೇಳಿದಳು, "ಆ ಜರ ಬರಲಿಲ್ಲ ಅಂದ್ರ ನನ್ನ ಫಕ್ಕೀರಿ ರಾಣ್ಯಾಂಗ ಇರತಿದ್ಲು." ನಾನೇ ಕಣ್ಣಾರೆ ನೋಡಿದ್ದು ಬೇರೆ ಇದೆ. ಅಪ್ಪನ ತಲೆಯ ಬಿಳಿ ಪಟಗಾ, ಅದರ ಹಿಂದೆ ಹೆಗಲ ಮೇಲೆ ಜೋತುಬಿದ್ದ ಎರಡು ಕಾಲು. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ.

ಏನಾದರೂ ಇದ್ದರೆ ಬಿಡಿಸಿ ಬರೆ. ಅರ್ಧ ಮಾತು ಹೇಳಿ ಬಾಗಿಲು ಹಾಕಿಕೊಳ್ಳುವುದು ನಿನ್ನ ಹಳೆಯ ಚಾಳಿ.

ನಾಗರತ್ನಾ

*

ಹಾನಗಲ್ಲ
11 ಮಾರ್ಚ್ 2024

ರತ್ನಾ,

ನೀನು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಇದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ. ಅವರು ಹೋಗಿ ಒಂಬತ್ತು ವರ್ಷವಾಯಿತು.

ಜ್ವರ ಬರಲಿಲ್ಲ. ಅಪ್ಪ ಹೊಡೆದ.

ಆ ವರ್ಷ ನಮ್ಮ ಅಂಗಳದಲ್ಲೇ ತಾಲೀಮು ನಡೆಯುತ್ತಿತ್ತು. ರಾಣಿಯ ಪಾತ್ರ ಬಡಿಗೇರ ಸುಭಾಸನದು. ಹದಿನಾಲ್ಕರ ಹುಡುಗ, ದನಿ ತೆಳುವಾಗಿತ್ತು, ಅದಕ್ಕೇ ಆರಿಸಿದ್ದರು. ಆದರೆ ಅವನಿಗೆ ಪದ ನೆನಪಿರುತ್ತಿರಲಿಲ್ಲ. ನಾನು ದನದ ಮನೆಯ ಗೋಡೆಗೆ ಒರಗಿ ಕೂತು ಕೇಳಿ ಕೇಳಿ ರಾಣಿಯ ಮಾತು, ರಾಣಿಯ ಹಾಡು ಎಲ್ಲ ಬಾಯಿಪಾಠ ಮಾಡಿದ್ದೆ. ಅಪ್ಪ ಊರಲ್ಲಿಲ್ಲದ ಮಧ್ಯಾಹ್ನ ಸುಭಾಸ ಹಿತ್ತಲ ಬಾವಿಯ ಹತ್ತಿರ ಬರುತ್ತಿದ್ದ. ನಾನು ಹಾಡುತ್ತಿದ್ದೆ, ಅವನು ಹಿಂದಿನಿಂದ ಅನ್ನುತ್ತಿದ್ದ. "ನೀ ಅಂದಂಗ ನನಗ ಅನ್ನಾಕ ಬರಾಂಗಿಲ್ಲ ಬಿಡು" ಅನ್ನುತ್ತಿದ್ದ.

ಆಟಕ್ಕೆ ಎಂಟು ದಿನ ಉಳಿದಿತ್ತು. ದೀಪ ಹಚ್ಚುವ ಹೊತ್ತು. ರಾಜ ಯುದ್ಧಕ್ಕೆ ಹೊರಡುತ್ತಾನೆ, ರಾಣಿ ದಾರಿಗೆ ಅಡ್ಡ ನಿಂತು ಹಾಡಬೇಕು. ಸುಭಾಸ ನಿಂತ, ಬಾಯಿ ತೆರೆದ, ಪದ ಬರಲಿಲ್ಲ. ಅಪ್ಪ ತಾಳ ಹಾಕುತ್ತಲೇ ಇದ್ದ. ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು. ಮೂರನೆಯ ಸುತ್ತಿಗೆ ನಾನು ಒಳಗಿನಿಂದ ಹಾಡಿಬಿಟ್ಟೆ. ಒಂದು ಸಾಲಲ್ಲ, ಇಡೀ ಹಾಡು. ಮದ್ದಳೆಯವನು ಕೈ ನಿಲ್ಲಿಸಲಿಲ್ಲ. ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ. ರತ್ನಾ, ಅಷ್ಟು ಹೊತ್ತು ನನಗೆ ಮೈ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅಪ್ಪ ಒಳಗೆ ಬಂದ.

"ಎಲ್ಲಿ ಕಲ್ತಿ ಇದನ್ನ?"

ನೀನು ಅವ್ವನ ಸೆರಗಿನ ಹಿಂದೆ ಇದ್ದಿ. ನೀನು ಅಂದಿ, "ಅಕ್ಕ ದಿನಾ ಬಾಂವಿ ಕಡೆ ಸುಭಾಸಗ ಹಾಡಿ ತೋರಸ್ತಾಳ." ನಿನಗೆ ಆರು ವರ್ಷ. ಅಕ್ಕನ ಹೆಚ್ಚುಗಾರಿಕೆ ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದಿ. ಅದನ್ನು ನಾನು ಎಂದೂ ತಪ್ಪು ತಿಳಿದಿಲ್ಲ.

ತಾಳ ಇನ್ನೂ ಅಪ್ಪನ ಕೈಯಲ್ಲೇ ಇತ್ತು. ಬಲಗಿವಿಗೆ ಬಿತ್ತು. ಆ ಹಿತ್ತಾಳೆಯ ಸಪ್ಪಳವೇ ಆ ಕಿವಿ ಕೇಳಿದ ಕಡೆಯ ಸಪ್ಪಳ. ರಕ್ತ ಬಂತು, ಆಮೇಲೆ ಕೀವು. ಹದಿನೈದು ದಿನ ಬೇವಿನೆಣ್ಣೆ ಬಿಟ್ಟರು. ವಾಸನೆ ತಡೆಯಲಾರದೆ ಅವ್ವ ನನ್ನನ್ನು ಬಸ್ಸಿನಲ್ಲಿ ಸವಣೂರಿಗೆ ಕರೆದೊಯ್ದಳು, ನನ್ನ ಮುಖಕ್ಕೂ ತನ್ನ ಸೆರಗು ಮುಚ್ಚಿ. ಡಾಕ್ಟರು ಕೇಳಿದಾಗ ಅವ್ವ ಹೇಳಿದ್ದು ಜ್ವರ. ಅಲ್ಲಿಂದ ಅದು ಜ್ವರವೇ ಆಯಿತು. ಎಡಗಿವಿ ಮದುವೆಯ ಹೊತ್ತಿಗೆ ಅರ್ಧ ಹೋಯಿತು, ಶರಣು ಹುಟ್ಟಿದ ಮೇಲೆ ಪೂರ್ತಿ.

ಅಪ್ಪನ ಹೆಗಲ ಮೇಲೆ ಕೂತು ಸವಣೂರಿಗೆ ಹೋದದ್ದು ನೀನು. ದೊಡ್ಡ ಹುಣಸೆ ಮರ ತೋರಿಸುತ್ತೇನೆಂದು ಕರೆದೊಯ್ದ. ಬರುವಾಗ ನಿನಗೆ ಖಾರದ ಪೊಟ್ಟಣ ಕೊಡಿಸಿದ್ದ. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತಿದ್ದೆ.

ಅಪ್ಪನನ್ನು ಬೈಯಲು ಬರೆದದ್ದಲ್ಲ. ಅವನು ನನ್ನ ದನಿಗೆ ಹೆದರಿದ. ಅಷ್ಟು ಮಾತ್ರ ನನ್ನದು ಎಂದು ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ. ಗಿರಣಿಯಲ್ಲಿ ಕರೆಂಟು ಹೋದಾಗ ಚೀಲದ ಮೇಲೆ ಕೂತು ಆ ಹಾಡನ್ನು ಮೊದಲಿನಿಂದ ಕಡೆಯತನಕ ಕೇಳುತ್ತೇನೆ. ಹನ್ನೊಂದು ವರ್ಷದ ನನ್ನ ದನಿಯಲ್ಲಿ.

ಅಕ್ಕ

*

ಹಿರೇಕೆರೂರು
19 ಏಪ್ರಿಲ್ 2024

ಅಕ್ಕಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಗಂಜಿ ಬಡಿಸುವಾಗ ಒಬ್ಬಳು ಆರು ವರ್ಷದವಳು ಬಂದು ಇನ್ನೊಬ್ಬಳ ಮೇಲೆ ಚಾಡಿ ಹೇಳಿದಳು. ನಾನು ಅವಳ ಮೇಲೆ ಎಷ್ಟು ಜೋರಾಗಿ ಕೂಗಿದೆ ಎಂದರೆ ಆಯಾ ಓಡಿ ಬಂದಳು.

ಯೋಚಿಸಿ ಯೋಚಿಸಿ ಹುಲಗೂರಿಗೆ ಹೋಗಿಬಂದೆ. ತಾಲೀಮಿನವರು ಯಾರೂ ಉಳಿದಿಲ್ಲ. ಸುಭಾಸ ಕೊರೋನಾದಲ್ಲಿ ಹೋದನಂತೆ. ಇರುವವಳು ನಮ್ಮ ಪಕ್ಕದ ಮನೆಯ ಹಾಜರಾಬಿ ಒಬ್ಬಳೇ. ಎಂಬತ್ತೈದು ದಾಟಿದೆ. ರಂಜಾನ್ ಹಬ್ಬ ಮುಗಿದು ಐದನೆಯ ದಿನ ಹೋದೆ. ಮೊಮ್ಮಗಳು ಸುಮೇರಾ ಬಾಗಿಲು ತೆಗೆದಳು. ಹಾಜರಾಬಿ ಹಾಸಿಗೆಯಲ್ಲೇ ಇದ್ದಳು. ಗುರುತು ಹಿಡಿದು "ಮಾಸ್ತರ ಸಣ್ಣ ಮಗಳ ಹೌದಿಲ್ಲೋ" ಎಂದು ಕೈ ಹಿಡಿದುಕೊಂಡಳು. ಹಬ್ಬದ ಸಿಹಿ ಸುರಕುಂಬಾ ಕುಡಿಸಿದಳು.

ಅಕ್ಕಾ, ನಡೆದದ್ದು ನೀನು ಬರೆದ ಹಾಗಲ್ಲ. ಅಂದು ಅಪ್ಪ ಮತ್ತು ಅವ್ವನ ನಡುವೆ ಜಗಳ ಹತ್ತಿತ್ತು. ಆಟ ಆಟ ಎಂದು ಮನೆ ಕಡೆಗೆ ಲಕ್ಷ್ಯವಿಲ್ಲ ಎಂದು ಅವ್ವ ಅಂದಳಂತೆ. ಅಪ್ಪ ಕೈ ಎತ್ತಿದ್ದು ಅವ್ವನ ಮೇಲೆ. ನೀನು ನಡುವೆ ಬಂದಿ. ಹಾಜರಾಬಿಯೇ ಅಂದಳು, "ಫಕ್ಕೀರಿ ನಡುವ ಬಂತವ್ವಾ, ಕೂಸು." ರಕ್ತ ಒರೆಸಿದ್ದು ಅವಳೇ.

ಅಂದರೆ ಅಪ್ಪ ನಿನ್ನನ್ನು ಹೊಡೆಯಲಿಲ್ಲ. ಅವ್ವನ ಮೇಲೆ ಕೈ ಎತ್ತಿದ್ದು ತಪ್ಪೇ, ಆದರೆ ಆ ಕಾಲದಲ್ಲಿ ಯಾವ ಮನೆಯಲ್ಲಿ ಇರಲಿಲ್ಲ ಹೇಳು. ನಿನಗೆ ಬಿದ್ದದ್ದು ಕೈತಪ್ಪಿ. ಸುಭಾಸನ ಮಾತೂ ಇಲ್ಲ, ಹಾಡಿನ ಮಾತೂ ಇಲ್ಲ. ಅಂದು ನಾನು ಯಾರಿಗೂ ಏನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನೀನು ಹಾಡುತ್ತಿದ್ದದ್ದು ನನಗೆ ನೆನಪೇ ಇಲ್ಲ. ಅಪ್ಪ ಹಾಡುತ್ತಿದ್ದದ್ದು ನೆನಪಿದೆ, ಸುಭಾಸ ಹಾಡುತ್ತಿದ್ದದ್ದು ಮಸುಕಾಗಿ ನೆನಪಿದೆ. ಸಣ್ಣವರಿದ್ದಾಗ ನೋವಾದರೆ ಮನಸ್ಸು ಅದಕ್ಕೊಂದು ಕಾರಣ ಕಟ್ಟಿಕೊಳ್ಳುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು.

ಈಗ ನಿನ್ನ ಮನಸ್ಸೂ ಹಗುರಾಗಲಿ. ಐವತ್ತು ವರ್ಷ ಅಪ್ಪನ ಮೇಲೆ ಸುಮ್ಮನೆ ಸಿಟ್ಟು ಇಟ್ಟುಕೊಂಡಿ.

ನಿನ್ನ ತಂಗಿ,
ನಾಗರತ್ನಾ

*

ಹಾನಗಲ್ಲ
20 ಮೇ 2024

ರತ್ನಾ,

ನಿನ್ನ ಪತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಂಕಿತಾ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಕಪಾಟಿನಲ್ಲಿ ಇಟ್ಟಳು.

ಹೊಡೆತ ಯಾರ ಮೇಲೆ ಎತ್ತಿದ್ದು ಎಂಬುದು ಇರಲಿ. ಅದು ನನಗೆ ಬೇಡ. ನಾನು ನಡುವೆ ಬಂದೆ ಎಂದರೆ ಬಂದಿರಬಹುದು.

ನಾನು ಹಾಡಿದೆನೇ? ಅದೊಂದನ್ನು ಹಾಜರಾಬಿಯನ್ನು ಕೇಳು. ಅವಳ ಮನೆಗೂ ನಮ್ಮ ಅಂಗಳಕ್ಕೂ ನಡುವೆ ಒಂದು ಗೋಡೆ ಅಷ್ಟೇ ಇತ್ತು. ಕೇಳಿಸಿರಲೇಬೇಕು.

ಹೋಗಲಾಗದಿದ್ದರೆ ಹೇಳು, ನಾನೇ ಹೋಗುತ್ತೇನೆ. ಆದರೆ ನನಗೆ ಅವಳ ಉತ್ತರ ಕೇಳಿಸುವುದಿಲ್ಲ, ಅವಳಿಗೆ ಬರೆಯಲು ಬರುವುದಿಲ್ಲ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ಅಕ್ಕ

*

ಹಿರೇಕೆರೂರು
17 ಜೂನ್ 2024

ಪ್ರೀತಿಯ ಅಕ್ಕಾ,

ಕಳೆದ ಶುಕ್ರವಾರ ಮತ್ತೆ ಹುಲಗೂರಿಗೆ ಹೋಗಿದ್ದೆ. ಶಿಗ್ಗಾಂವಿಯಲ್ಲಿ ಬಸ್ಸು ತಪ್ಪಿ ಒಂದು ತಾಸು ಕಾದೆ.

ಹಾಜರಾಬಿಯನ್ನು ಕೇಳಿದೆ. ನಾನು ಕೇಳಿ ಮುಗಿಸುವ ಮೊದಲೇ ಅವಳು ನಕ್ಕಳು. "ಫಕ್ಕೀರಿ ಹಾಡತಿದ್ಲೇನಂತ ಕೇಳ್ತಿಯಲ್ಲವ್ವಾ! ಆಕಿ ಹಾಡಾಕ ಹತ್ತಿದ್ರ ನಾ ರೊಟ್ಟಿ ಹಂಚಿನ ಮ್ಯಾಲ ಬಿಟ್ಟ ಗ್ವಾಡಿಗೆ ಕಿವಿ ಹಚ್ಚತಿದ್ದೆ" ಅಂದಳು. ಆ ಸಂಜೆ ಇಡೀ ಓಣಿ ಸುಮ್ಮನಾಗಿ ಕೇಳಿತಂತೆ. ಸುಭಾಸನಿಗೆ ನಿನ್ನ ಅರ್ಧದಷ್ಟೂ ಬರುತ್ತಿರಲಿಲ್ಲವಂತೆ. "ಹೆಣ್ಣ ಹುಡಿಗೀಗೆ ಆಟದ ಅಟ್ಟ ಹತ್ತಿಸೋ ಕಾಲಾ ಆಗಿದ್ರ ಆಕೀನ ರಾಣಿ" ಅಂದಳು.

ಅವಳು ಹೇಳಿದ ಮೇಲೆ ನನಗೂ ನೆನಪಾಯಿತು. ಬಾವಿಯ ಕಟ್ಟೆಯ ಮೇಲೆ ನೀನು ಕೂತಿದ್ದಿ, ಹಸಿರು ಲಂಗ. ನಾನು ನಿನ್ನ ಕಾಲ ಹತ್ತಿರ. ಎಷ್ಟು ಚೆಂದ ಹಾಡುತ್ತಿದ್ದಿ ಅಕ್ಕಾ.

ಇನ್ನು ಇದನ್ನು ಇಲ್ಲಿಗೆ ಬಿಡೋಣ.

ನಿನ್ನ ರತ್ನಾ

*

ಹಾನಗಲ್ಲ
2 ಜುಲೈ 2024

ನಾಗರತ್ನಾ,

ನಿನ್ನ ಪತ್ರ ಬಂದ ದಿನ ಗಿರಣಿ ಬಂದ್ ಮಾಡಿಸಿದೆ. ಶರಣುವಿಗೆ ಓದಿ ತೋರಿಸಿದೆ, ಅಂಕಿತಾಗೆ ತೋರಿಸಿದೆ. ಶರಣು ಬಳಪ ಹಿಡಿದು ಪಾಟಿಯ ಮೇಲೆ ಬರೆದ, "ಅವ್ವಾ, ಇದನ್ನ ನನಗ ಯಾಕ ಹೇಳಿರಲಿಲ್ಲ?" ನಾನು ನಕ್ಕೆ. ಗಿರಾಕಿಗಳಿಗೂ ಹೇಳಿದೆ ಎಂದರೆ ನಂಬುತ್ತೀಯಾ? ಅರವತ್ನಾಲ್ಕು ವರ್ಷದ ಕಿವುಡಿ, ಜೋಳದ ಬುಟ್ಟಿ ಹೊತ್ತು ನಿಂತವರಿಗೆ, "ನಾ ಸಣ್ಣಾಕಿದ್ದಾಗ ಭಾಳ ಛಲೋ ಹಾಡತಿದ್ದೆ" ಎಂದು ಹೇಳಿದೆ.

ಹಾಜರಾಬಿಯನ್ನು ಒಂದು ಸಲ ಮುಟ್ಟಿ ಬರಬೇಕು ಅನ್ನಿಸಿತು. ಅವಳ ಮಾತು ಕೇಳಿಸದಿದ್ದರೂ ಬೇಡ, ಕೈ ಹಿಡಿದು ಕೂತರೆ ಸಾಕು. ಒಂದು ಸೀರೆ ತೆಗೆದುಕೊಂಡೆ. ಹಿಂದಿನ ಗುರುವಾರ ಶರಣು ಗಾಡಿಯ ಮೇಲೆ ಹುಲಗೂರಿಗೆ ಕರೆದೊಯ್ದ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಜನ ಊಟ ಮಾಡುತ್ತಿದ್ದರು. ಮದುವೆಯೇನೋ ಎಂದುಕೊಂಡೆ. ಸುಮೇರಾ ಹೊರಗೆ ಬಂದಳು. ನಾನು ಯಾರೆಂದು ಶರಣು ಹೇಳಿದ. ಅವಳು ಅವನಿಗೆ ಏನೋ ಅಂದಳು, ಅವನು ತಲೆ ಕೆಳಗೆ ಹಾಕಿದ. ನಾನು ಪಾಟಿ ಮುಂದೆ ಹಿಡಿದೆ. ಅವಳು ಬರೆದಳು:

"ಅಜ್ಜಿ ತೀರಿಕೊಂಡು ಇವತ್ತಿಗೆ ನಲವತ್ತು ದಿನ."

ನಾನು ಅಲ್ಲಿಯೇ ಬೆರಳು ಎಣಿಸಿದೆ. ಹಾಜರಾಬಿ ಸತ್ತದ್ದು ಮೇ ತಿಂಗಳಲ್ಲಿ. ನೀನು ಅವಳನ್ನು ಮಾತಾಡಿಸಿದ್ದು ಜೂನ್ ತಿಂಗಳಲ್ಲಿ. ರೊಟ್ಟಿ ಹಂಚಿನ ಮೇಲೆ ಬಿಟ್ಟು ಗೋಡೆಗೆ ಕಿವಿ ಹಚ್ಚುತ್ತಿದ್ದವಳು ಯಾರು, ರತ್ನಾ?

ಸುಮೇರಾ ಒಳ್ಳೆಯ ಹುಡುಗಿ. ನನ್ನನ್ನು ಕೂರಿಸಿ ಊಟಕ್ಕೆ ಹಾಕಿದಳು. ನನ್ನ ಬಗ್ಗೆ ಅಜ್ಜಿ ಏನಾದರೂ ಹೇಳುತ್ತಿದ್ದಳೇ ಎಂದು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ ಬರೆದಳು, "ಮಾಸ್ತರ ಮನೆಯವರು ಒಳ್ಳೆಯವರು ಅನ್ನುತ್ತಿದ್ದಳು." ಸೀರೆಯನ್ನು ಅವಳಿಗೇ ಕೊಟ್ಟು ಬಂದೆ.

ನೀನು ಯಾಕೆ ಹಾಗೆ ಬರೆದಿ ಎಂದು ನನಗೆ ತಿಳಿಯುತ್ತದೆ. ಆದರೆ ದಾರಿಯುದ್ದಕ್ಕೂ ಒಂದೇ ಯೋಚನೆ ಬಂತು. ಜೂನ್ ತಿಂಗಳದ್ದು ಕಟ್ಟಿದ್ದಾದರೆ ಏಪ್ರಿಲ್ ತಿಂಗಳದ್ದು? ಅಪ್ಪ ಅವ್ವನ ಮೇಲೆ ಕೈ ಎತ್ತಿದ, ನಾನು ನಡುವೆ ಬಂದೆ ಎಂಬುದು? ಅದನ್ನು ಹೇಳಿದ್ದು ಹಾಜರಾಬಿಯೋ, ನೀನೋ? ಇನ್ನು ಯಾರನ್ನು ಕೇಳಲಿ? ಕೇಳುವುದಕ್ಕೆ ಇದ್ದವರು ಇಬ್ಬರು. ಒಬ್ಬಳು ಮಣ್ಣಿಗೆ ಹೋದಳು.

ಫಕ್ಕೀರವ್ವ

*

ಹಿರೇಕೆರೂರು
30 ಆಗಸ್ಟ್ 2024

ಅಕ್ಕಾ,

ಮೂರು ಪತ್ರ ಬರೆದೆ, ಉತ್ತರ ಬರಲಿಲ್ಲ. ಮೊನ್ನೆ ಸೋಮವಾರ ನಾನೇ ಹಾನಗಲ್ಲಿಗೆ ಬಂದೆ. ನೀನು ಗಿರಣಿಯ ಬಾಗಿಲಲ್ಲಿ ಕೂತಿದ್ದಿ, ಹುಬ್ಬಿನ ತುಂಬ ಹಿಟ್ಟು. ನನ್ನನ್ನು ನೋಡಿದಿ. ಎದ್ದು ಚಾಪೆ ಹಾಸಿದಿ, ನೀರು ಕೊಟ್ಟಿ, ಅಂಕಿತಾಗೆ ಚಹಾ ಮಾಡು ಎಂದು ಕೈ ಸನ್ನೆ ಮಾಡಿದಿ. ನಾನು ಪಾಟಿಗೆ ಕೈ ಚಾಚಿದೆ. ನೀನು ಅದನ್ನು ಎತ್ತಿಕೊಂಡು ಹೋಗಿ ಒಳಗಿಟ್ಟು ಬಂದಿ. ಎರಡು ತಾಸು ಇಬ್ಬರೂ ಕೂತಿದ್ದೆವು. ನಾನು ಬಾಯಿ ಆಡಿಸಿದರೆ ನೀನು ಬೇರೆ ಕಡೆ ನೋಡುತ್ತಿದ್ದಿ. ಬಸ್ಸಿನ ಹೊತ್ತಾಯಿತು ಎಂದು ಶರಣುವೇ ನನ್ನನ್ನು ಬಿಟ್ಟು ಬಂದ. "ಚಿಗವ್ವಾ, ಅವ್ವ ಈಗ ಯಾರ ಕೂಡೂ ಭಾಳ ಮಾತಾಡಂಗಿಲ್ಲ" ಅಂದ. ಅವನ ದನಿಯಲ್ಲಿ ನನ್ನ ಮೇಲೆ ಸಿಟ್ಟಿತ್ತು.

ಹೇಳಲು ಬಂದದ್ದನ್ನು ಇಲ್ಲಿ ಬರೆಯುತ್ತೇನೆ. ಓದುವುದು ಬಿಡುವುದು ನಿನಗೆ ಬಿಟ್ಟದ್ದು.

ಜೂನ್‌ನಲ್ಲಿ ನಾನು ಹುಲಗೂರಿಗೆ ಹೋಗಲಿಲ್ಲ. ಹೋಗಲು ಹೆದರಿದೆ. ನೀನು ಹಾಡಲೇ ಇಲ್ಲ ಎಂದು ಹಾಜರಾಬಿ ಅಂದುಬಿಟ್ಟರೆ ಅದನ್ನು ನಿನಗೆ ಹೇಗೆ ಬರೆಯುವುದು ಎಂದು ಮನೆಯಲ್ಲೇ ಕೂತು ಆ ಪತ್ರ ಬರೆದೆ. ಹಸಿರು ಲಂಗವೂ ಸುಳ್ಳು.

ಏಪ್ರಿಲ್‌ನಲ್ಲಿ ಹೋಗಿದ್ದು ನಿಜ. ನನ್ನ ಮಕ್ಕಳ ಆಣೆ. ಸುರಕುಂಬಾ ಕುಡಿದದ್ದು ನಿಜ. ಆದರೆ ಅವಳು ಹೇಳಿದಳು ಎಂದು ಬರೆದೆನಲ್ಲ, ಅದನ್ನು ಮೊದಲು ಹೇಳಿದ್ದು ಅವಳಲ್ಲ. ಅವಳು ಅಂದದ್ದು ಇಷ್ಟೇ, "ಫಕ್ಕೀರಿಗೆ ರಕ್ತ ಬಂದಿತ್ತು, ನಾ ಒರಸಿದೆ." ನಾನು ಕೇಳಿದೆ, "ಅಪ್ಪ ಅವ್ವನ ಮ್ಯಾಲ ಕೈ ಎತ್ತಿದ್ನಲ್ಲಾ? ಅಕ್ಕ ನಡುವ ಬಂದಿದ್ಲಲ್ಲಾ?" ಅವಳು ನನ್ನ ಮುಖ ನೋಡಿದಳು. ನನ್ನ ಕಣ್ಣಲ್ಲಿ ನೀರಿತ್ತು. "ಹೌದವ್ವಾ, ಹಂಗ ಇರಬೇಕು. ನಡುವ ಬಂತು, ಕೂಸು" ಅಂದಳು. ನಾನು ಅಷ್ಟನ್ನು ಹಿಡಿದುಕೊಂಡು ಬಂದೆ. ಬಸ್ಸಿನಲ್ಲಿ ಬರುವಾಗಲೇ ಜಗಳದ ಮಾತು ಸೇರಿತು, ಮನೆಗೆ ಬರುವಷ್ಟರಲ್ಲಿ ಅದು ಹಾಜರಾಬಿಯ ಬಾಯಲ್ಲೇ ಕೇಳಿದಂತಾಗಿತ್ತು. ನಿನಗೆ ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ, ಅಕ್ಕಾ. ಚಾಡಿ ಹೇಳಿದ್ದು ನಾನಲ್ಲ ಎಂದು ಯಾರಾದರೂ ಹೇಳಬೇಕಿತ್ತು. ಯಾರೂ ಹೇಳುವವರಿರಲಿಲ್ಲ. ಅವಳ ಬಾಯಿಂದ ಹೇಳಿಸಿದೆ.

ಈಗ ಅಪ್ಪನೂ ನನ್ನ ಕೈ ಬಿಟ್ಟಿದ್ದಾನೆ. ತೊಡೆಯ ಮೇಲೆ ಕೂರಿಸಿಕೊಂಡು ಪದ ಹೇಳುತ್ತಿದ್ದನಲ್ಲ, ಅದು ನಡೆದದ್ದೋ, ಅವ್ವ ಹೇಳಿದ್ದೋ, ನಾನೇ ಯಾವಾಗಲೋ ಮಾಡಿಕೊಂಡದ್ದೋ ತಿಳಿಯುತ್ತಿಲ್ಲ. ಹೆಗಲ ಮೇಲೆ ಜೋತುಬಿದ್ದ ಕಾಲು ನನ್ನವೇ ಆಗಿದ್ದರೆ ಅವನ್ನು ಹಿಂದಿನಿಂದ ನಾನು ಹೇಗೆ ನೋಡಿದೆ? ಇಷ್ಟು ವರ್ಷ ಅದನ್ನು ಯೋಚಿಸಲೇ ಇಲ್ಲ.

ತನುಜಾಳಿಗೆ ಮನೆಯ ಮಾತು ಯಾವುದೂ ಹಾಕಬೇಡ ಎಂದು ಹೇಳಿದೆ. ಪುಸ್ತಕದಲ್ಲಿ ಅಪ್ಪನ ಹೆಸರು, ಊರು, ಅವನು ಕಲಿಸಿದ ಆಟಗಳ ಪಟ್ಟಿ ಇಷ್ಟೇ ಇರುತ್ತದೆ. "ಮಕ್ಕಳು ಎಷ್ಟು ಜನ ಅಂತ ಬರೀಲಿ?" ಎಂದು ಕೇಳಿದಳು. ಇಬ್ಬರು ಎಂದೆ.

ಕ್ಷಮಿಸು ಎಂದು ಬರೆಯಲು ಬಾಯಿಲ್ಲ. ಆದರೂ ಬರೆಯುತ್ತೇನೆ. ಕ್ಷಮಿಸು.

ರತ್ನಾ

*

ಹಾನಗಲ್ಲ
12 ನವೆಂಬರ್ 2024

ರತ್ನಾ,

ದೀಪಾವಳಿಗೆ ನೀನು ಕಳಿಸಿದ ಸೀರೆ ಬಂತು. ಅಂಕಿತಾ ಉಟ್ಟಳು, ಅವಳಿಗೆ ಚೆನ್ನಾಗಿ ಒಪ್ಪುತ್ತದೆ.

ಪಾಟಿ ಒಳಗಿಟ್ಟದ್ದು ಸಿಟ್ಟಿನಿಂದಲ್ಲ. ನೀನು ಬರೆದರೆ ನಾನು ನಂಬಲು ನೋಡುತ್ತಿದ್ದೆ. ನೀನು ಏನು ಬರೆದರೂ ನಂಬಲು ನೋಡುತ್ತಿದ್ದೆ. ಅದಕ್ಕೇ ಹೆದರಿದೆ.

ನಿನ್ನ ಮೇಲೆ ನನಗೆ ಏನೂ ಇಲ್ಲ. ಚಾಡಿ ಹೇಳಿದವಳು ನೀನೇ ಎಂದು ಮಾರ್ಚ್‌ನಲ್ಲಿ ಗಟ್ಟಿಯಾಗಿ ಬರೆದೆ. ಈಗ ಅದೂ ಗಟ್ಟಿಯಿಲ್ಲ. ಅವ್ವನ ಸೆರಗಿನ ಹಿಂದೆ ನೀನು ನಿಂತದ್ದು ಕಾಣುತ್ತದೆ, ನಿನ್ನ ಬಾಯಿ ಆಡಿದ್ದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಆ ಮಾತನ್ನು ನಾನೇ ನಿನ್ನ ಬಾಯಲ್ಲಿ ಇಟ್ಟೆನೋ ಏನೋ. ಹಾಜರಾಬಿಯ ಬಾಯಲ್ಲಿ ನೀನು ಇಟ್ಟ ಹಾಗೆ. ನಾವಿಬ್ಬರೂ ಒಂದೇ ಹೊಟ್ಟೆಯವರಲ್ಲವೇ.

ಅಪ್ಪ ಹೊಡೆದನೋ, ಕೈ ತಪ್ಪಿತೋ, ಅವ್ವ ಹೇಳಿದ ಜ್ವರವೇ ನಿಜವೋ, ನನಗೆ ಯಾವುದೂ ಬೇಡವಾಗಿದೆ. ನೀನು ಮತ್ತೆ ಕೇಳಬೇಡ. ಪತ್ರವನ್ನೂ ಬರೆಯಬೇಡ. ಹಬ್ಬಕ್ಕೆ ಏನಾದರೂ ಕಳಿಸುವುದಿದ್ದರೆ ಶರಣುವಿನ ಹೆಸರಿಗೆ ಕಳಿಸು.

ಒಂದು ಮಾತು ಹೇಳಿ ಮುಗಿಸುತ್ತೇನೆ. ಏಪ್ರಿಲ್‌ನಿಂದ ಈಚೆಗೆ ಆ ಹಾಡು ಬರುತ್ತಿರಲಿಲ್ಲ. ಕರೆಂಟು ಹೋದಾಗ ಚೀಲದ ಮೇಲೆ ಕೂತು ಮೊದಲ ಸಾಲು ಹಿಡಿಯುತ್ತಿದ್ದೆ. ರಾಣಿ ರಾಜನ ದಾರಿಗೆ ಅಡ್ಡ ನಿಲ್ಲುವಲ್ಲಿಗೆ ಬರುವಷ್ಟರಲ್ಲಿ, ಇದನ್ನು ನಾನು ಹಾಡಿದ್ದೇ ಹೌದೇ ಎಂದು ಒಂದು ಸಂಶಯ ಬಂದು ಅಲ್ಲಿಗೇ ನಿಂತುಹೋಗುತ್ತಿತ್ತು. ಎಷ್ಟೋ ತಿಂಗಳು ಹಾಗೇ ಆಯಿತು.

ನಿನ್ನೆ ಮಧ್ಯಾಹ್ನ ಬಂತು. ಒಂದು ಸಾಲೂ ಬಿಡದೆ, ಮೊದಲಿನಿಂದ ಕಡೆಯತನಕ. ಆದರೆ ಅದು ಸುಭಾಸನ ದನಿ. ಅಂಗಳದಲ್ಲಿ ನಿಂತು ಅವನು ಹಾಡುತ್ತಿದ್ದ, ಚೆನ್ನಾಗಿಯೇ ಹಾಡುತ್ತಿದ್ದ. ನಾನು ದನದ ಮನೆಯ ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡು ಕೇಳುತ್ತ ಕೂತಿದ್ದೆ.

ಫಕ್ಕೀರವ್ವ